ಎಫ್‌ಎಂನಲ್ಲಿ ಒಂದೇ ಹಾಡು ದಿನಕ್ಕೆ ಐದು ಸಲ ಯಾಕೆ?

ಶ್ರೀರಾಂಪುರ ಟೈಲರ್:
ನಮ್ಮದು ಬ್ಲೌಸ್ ಹೊಲಿಯುವ ಅಂಗಡಿ. ಬೆಳಿಗ್ಗೆ ಬಾಗಿಲು ತೆಗೆದರೆ ರಾತ್ರಿ ಎಂಟರವರೆಗೂ ಎಫ್‌ಎಂ ಹಾಡುತ್ತಲೇ ಇರುತ್ತದೆ. ನಿನ್ನೆ ಒಂದೇ ಹೊಸ ಹಾಡು ಐದು ಸಲ ಬಂತು. ಹುಕ್ ಹಾಕುವ ಹುಡುಗಿ ಮ್ಯೂಸಿಕ್ ಶುರುವಾದ ಕೂಡಲೇ ಕಿವಿ ಮುಚ್ಚಿಕೊಳ್ಳುತ್ತಾಳೆ. ಅವರ ಹತ್ತಿರ ಬೇರೆ ಹಾಡೇ ಇಲ್ವಾ? ಫೋನ್ ಮಾಡಿ ಕೇಳಿದರೆ ಹಾಕುತ್ತಾರಾ?

ಹಳೇ ಆರ್‌ಜೆ:
ಅಕ್ಕಾ, ಬೆಂಗಳೂರಿಗೆ ಬರುವ ಮೊದಲು ನಾನು ಚಿಕ್ಕ ಊರಿನ ಒಂದು ಸ್ಟೇಷನ್ನಿನಲ್ಲಿ ಮೂರು ವರ್ಷ ಆರ್‌ಜೆ ಆಗಿದ್ದೆ. ಹಾಡಿಗೇನೂ ಬರ ಇರಲಿಲ್ಲ, ಕಂಪ್ಯೂಟರ್ ತುಂಬಾ ಹಾಡುಗಳೇ ಇದ್ದವು. ಆದರೆ ಹಿಟ್ ಹಾಡಿನ ಸ್ಟೇಷನ್ ನಡೆಯುವುದೇ ಹೀಗೆ. ಈ ವಾರ ಜೋರಾಗಿ ಓಡುತ್ತಿರುವ ಐದಾರು ಹಾಡು ಮೂರ್ನಾಲ್ಕು ಗಂಟೆಗೊಮ್ಮೆ ಬರಲೇಬೇಕು. ಸ್ವಲ್ಪ ಹಳೆಯದಾದವು ದಿನಕ್ಕೆ ಒಂದೆರಡು ಸಲ. ಯಾವುದರ ಹಿಂದೆ ಯಾವುದು ಅಂತ ಸಾಫ್ಟ್‌ವೇರ್ ಮೊದಲೇ ಪಟ್ಟಿ ಹಾಕಿಡುತ್ತದೆ. ಆಟೋದಲ್ಲೋ ಕಾರಿನಲ್ಲೋ ಅರ್ಧ ಗಂಟೆ ಕೇಳುವವರಿಗೆ ಬೇಕಾದ ಹಾಡು ಒಂದಾದರೂ ಸಿಗಲಿ ಅನ್ನುವ ಲೆಕ್ಕ ಅದು. ನಿಮ್ಮ ಹಾಗೆ ಇಡೀ ದಿನ ಜೊತೆಗಿರುವವರು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಅದು ತಪ್ಪು ಅಂತ ನನಗೆ ಆಗಲೂ ಅನಿಸುತ್ತಿತ್ತು, ಈಗಲೂ ಅನಿಸುತ್ತದೆ.

ಫೋನ್ ಖಂಡಿತ ಮಾಡಿ. ನಮ್ಮಲ್ಲಿ ಮೈಕಿನ ಪಕ್ಕ ಒಂದು ಉದ್ದ ನೋಟ್‌ಬುಕ್ ಇರುತ್ತಿತ್ತು, ಕೇಳಿದವರ ಹೆಸರು, ಏರಿಯಾ, ಹಾಡು ಬರೆದುಕೊಳ್ಳಲು. ಹೂ ಕಟ್ಟುವ ಒಬ್ಬ ಅಮ್ಮ ದಿನಾ ಮಧ್ಯಾಹ್ನ ಫೋನ್ ಮಾಡೋರು. ಪಕ್ಕದಲ್ಲೇ ಅವರ ರೇಡಿಯೋ ಕೂಗುತ್ತಿರುತ್ತಿತ್ತು. ‘ಅಮ್ಮಾ, ಮೊದಲು ರೇಡಿಯೋ ಸೌಂಡ್ ಕಮ್ಮಿ ಮಾಡಿ’ ಅನ್ನುವುದೇ ನನ್ನ ಮೊದಲ ಮಾತು. ಅವರಿಗೆ ಬೇಕಿದ್ದದ್ದು ತೊಂಬತ್ತರ ದಶಕದ ಹಾಡು. ಪಟ್ಟಿಯಿಂದ ಒಂದು ಹಿಟ್ ತೆಗೆದು ಅದನ್ನು ಹಾಕುತ್ತಿದ್ದೆ. ಬೈಸಿಕೊಂಡದ್ದೂ ಉಂಟು. ಆದರೆ ಆ ಹಾಡು ಮುಗಿಯುವಷ್ಟರಲ್ಲಿ ಇನ್ನೂ ನಾಲ್ಕು ಜನ ಹಳೇ ಹಾಡು ಕೇಳಿ ಫೋನ್ ಮಾಡಿರುತ್ತಿದ್ದರು.

ಪೀಣ್ಯ ಕ್ಯಾಬ್:
ನಾನು ನಡುನಡುವೆ 102.9 ವಿವಿಧ ಭಾರತಿಗೆ ತಿರುಗಿಸುತ್ತೇನೆ, ಇಲ್ಲಾಂದ್ರೆ 101.3 ರೇನ್‌ಬೋ. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾದದ್ದು ನಮ್ಮ ಬೆಂಗಳೂರಲ್ಲೇ, ರೇಡಿಯೋ ಸಿಟಿ. ಇಷ್ಟು ವರ್ಷದಿಂದ ಕೇಳುತ್ತಿರುವ ಊರು ಇದು. ಕೇಳುವ ಹಕ್ಕು ನಮಗಿದೆ, ಫೋನ್ ಮಾಡಿ ಮೇಡಂ.

ಶ್ರೀರಾಂಪುರ ಟೈಲರ್:
ಈಗಷ್ಟೇ ಮಾಡಿದೆ. ‘ರೇಡಿಯೋ ಸೌಂಡ್ ಕಮ್ಮಿ ಮಾಡಿ’ ಅಂತಲೇ ಶುರು ಮಾಡಿದರು! ಆರು ಗಂಟೆಗೆ ಹಾಕುತ್ತೇವೆ ಅಂದಿದ್ದಾರೆ. ಐದೂವರೆಗೆ ಹೊರಡುವ ಹುಡುಗಿ ಇನ್ನೂ ಹುಕ್ ಹಾಕುತ್ತಾ ಕೂತಿದ್ದಾಳೆ.