ಸಹಾಯ ಬೇಕು: ಪೆರು ಹಕ್ಕಿ ಪ್ರವಾಸ, ಅಪ್ಪನಿಗೆ ಕುಸ್ಕೊ ಎತ್ತರ ತಡೆಯುತ್ತಾ?

ನಮಸ್ಕಾರ. ಆಗಸ್ಟ್‌ನಲ್ಲಿ ಅಪ್ಪನ ಜೊತೆ ಪೆರುಗೆ ಹೊರಟಿದ್ದೇನೆ. ಅಪ್ಪನಿಗೆ 66. ದಾಂಡೇಲಿಯಲ್ಲಿ ಮಂಗಟ್ಟೆ ನೋಡಿ ಹಕ್ಕಿ ಹುಚ್ಚು ಹತ್ತಿಸಿಕೊಂಡವರು. ಈಗ ಆ ಕೆಂಪು ಜುಟ್ಟಿನ ಕಾಕ್-ಆಫ್-ದಿ-ರಾಕ್ ಗಂಡುಗಳ ಕುಣಿತ ನೋಡಲೇಬೇಕಂತೆ. ಕೈಯಲ್ಲಿರುವುದು ಎಂಟೇ ದಿನ.

ಗೈಡ್ ಪ್ಲಾನ್ ಹೀಗಿದೆ: ಲಿಮಾದಿಂದ ವಿಮಾನದಲ್ಲಿ ಕುಸ್ಕೊ, ಮಾರನೇ ಬೆಳಿಗ್ಗೆಯೇ ಮನು ರಸ್ತೆ (ಬೆಟ್ಟದ ಮಂಜುಕಾಡಿನ ಮೂಲಕ ಮನು ಕಾಡಿಗೆ ಇಳಿಯುವ ದಾರಿ). ಕುಸ್ಕೊ ಸುಮಾರು 3,400 ಮೀಟರ್ ಎತ್ತರದಲ್ಲಿದೆ, ಹೆಚ್ಚು ಕಡಿಮೆ ಲೇಹ್‌ನಷ್ಟೇ. ಲೇಹ್‌ನಲ್ಲಿ ಅಪ್ಪ ಎರಡು ದಿನ ತಲೆನೋವು, ವಾಂತಿ ಎಂದು ಮಲಗಿಬಿಟ್ಟಿದ್ದರು. ಗೈಡ್‌ಗೆ ಹೇಳಿದರೆ 'ಕೋಕಾ ಎಲೆ ಚಹಾ ಕುಡಿಯಿರಿ' ಅಂತ ಸುಮ್ನಾದರು. ಡಾಕ್ಟರ್ ಮಾತ್ರೆ ಬರೆದುಕೊಟ್ಟಿದ್ದಾರೆ, ಆದರೆ ನಿಧಾನವಾಗಿ ಏರಿ ಅಂದಿದ್ದಾರೆ. ಯೆಲ್ಲೋ ಫೀವರ್ ಲಸಿಕೆ ಆಯಿತು.

ಅದರ ಬದಲು ತಗ್ಗಿನಲ್ಲಿರುವ ಅಮೆಜಾನ್‌ನ ತಂಬೊಪಾಟಾ ಕಾಡಿಗೆ ಹೋದರೆ ಎತ್ತರದ ಕಾಟವೇ ಇಲ್ಲ. ನದಿ ದಂಡೆಯ ಜೇಡಿಮಣ್ಣು ತಿನ್ನಲು ಬರುವ ಮಕಾವ್ ಗಿಳಿಗಳೂ ಸಿಗುತ್ತವೆ. ಆದರೆ ಅಪ್ಪನ ಹಕ್ಕಿ ಇರುವುದು ಬೆಟ್ಟದ ಮಂಜುಕಾಡಿನಲ್ಲಿ!

ಕುಸ್ಕೊದಲ್ಲಿ ಇಳಿದ ಕೂಡಲೇ ಸುಮಾರು 2,800 ಮೀಟರ್ ಎತ್ತರದ ಊರಾದ ಒಯಂತಾಯ್‌ಟಾಂಬೊಗೆ ಹೋಗಿ ಎರಡು ರಾತ್ರಿ ಉಳಿದು, ಆಮೇಲೆ ಮನು ರಸ್ತೆ ಹಿಡಿದರೆ ಸಾಕಾಗುತ್ತಾ? ವಯಸ್ಸಾದವರನ್ನು ಕರೆದುಕೊಂಡು ಹೋದವರು ಯಾರಾದರೂ ಇದ್ದರೆ, ನೀವು ಎಷ್ಟು ರಾತ್ರಿ ಉಳಿದಿರಿ ಹೇಳಿ.