‘ಪೋರ್ಟ್‌ಫೋಲಿಯೊ’ಗೆ ಕವಳಿಗೆ ಎನ್ನಬಹುದೇ? ಜೊತೆಗೆ ಓರಗೆ, ಮುಯ್ಯಿ, ಮೆಲುಕು

ಆತ್ಮೀಯರೇ,

ನಾನು ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವನು. ನಮ್ಮ ತಾಲ್ಲೂಕಿನ ಹನ್ನೊಂದು ಮಂದಿ ಶಿಕ್ಷಕರು ಸೇರಿ ಒಂದು ಗುಂಪು ಕಟ್ಟಿಕೊಳ್ಳುತ್ತಿದ್ದೇವೆ. ಮಕ್ಕಳು ಬರೆದದ್ದು, ಬಿಡಿಸಿದ್ದು, ಓದಿ ಧ್ವನಿಮುದ್ರಿಸಿದ್ದು, ಪ್ರಯೋಗ ಮಾಡಿ ಫೋಟೊ ತೆಗೆದದ್ದು ಇವನ್ನೆಲ್ಲ ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಕೂಡಿಡುತ್ತ, ತಾವು ಹೇಗೆ ಕಲಿತೆವು ಎಂಬುದನ್ನು ಅವರೇ ನೋಡಿಕೊಳ್ಳುವಂತೆ ಮಾಡುವುದು ಹೇಗೆ ಎಂದು ಕಲಿಯುವ ಗುಂಪು ಇದು. ಮಕ್ಕಳಿಗೆ ಹೇಳುವ ಮೊದಲು ನಮ್ಮ ನಮ್ಮ ಪಾಠಗಳ ಬಗ್ಗೆ ನಾವೇ ಒಂದೊಂದನ್ನು ಮಾಡಿ ನೋಡಬೇಕೆಂದು ತೀರ್ಮಾನಿಸಿದ್ದೇವೆ. ನಮ್ಮಲ್ಲಿ ತಜ್ಞರು ಯಾರೂ ಇಲ್ಲ. ತಿಂಗಳಿಗೆ ಎರಡು ಶನಿವಾರ ಮಧ್ಯಾಹ್ನ ಸೇರುವುದು, ಗೊತ್ತಿದ್ದವರು ಗೊತ್ತಿಲ್ಲದವರಿಗೆ ತೋರಿಸುವುದು, ಅಷ್ಟೇ.

ಮೊದಲ ಭೇಟಿಯ ಒಂದೂವರೆ ಗಂಟೆ ಒಂದೇ ಪ್ರಶ್ನೆಯಲ್ಲಿ ಕಳೆಯಿತು. ಇಂಗ್ಲಿಷಿನಲ್ಲಿ ‘ಡಿಜಿಟಲ್ ಪೋರ್ಟ್‌ಫೋಲಿಯೊ’ ಎನ್ನುವ ಈ ಸಂಗ್ರಹವನ್ನು ಕನ್ನಡದಲ್ಲಿ ಏನೆಂದು ಕರೆಯುವುದು? ಹೆಸರಿಗಾಗಿ ಇಷ್ಟು ಹೊತ್ತೇ ಎಂದು ಕೆಲವರು ಬೇಸರಪಟ್ಟರು. ನನಗೆ ಹಾಗೆನ್ನಿಸಲಿಲ್ಲ. ಅದಕ್ಕೆ ಕಾರಣ ಕಳೆದ ವರ್ಷ ನನ್ನ ತರಗತಿಯಲ್ಲಿ ನಡೆದ ಒಂದು ಸಂಗತಿ.

ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂದಾಗಿನಿಂದ ನಮ್ಮ ಶಾಲೆಗಳಲ್ಲಿ ಪೋರ್ಟ್‌ಫೋಲಿಯೊಗೆ ‘ಕೃತಿಸಂಪುಟ’ ಎಂಬ ಹೆಸರು ನಿಂತಿದೆ. 2022ರ ಕಲಿಕಾ ಚೇತರಿಕೆ ಕಾರ್ಯಕ್ರಮದಲ್ಲೂ ಮಕ್ಕಳ ಹಾಳೆಗಳನ್ನು ಸೇರಿಸಿಟ್ಟ ಕಟ್ಟನ್ನು ಹಾಗೆಯೇ ಕರೆದೆವು. ಅದೇ ರೂಢಿಯಲ್ಲಿ ನಾನು ಒಂಬತ್ತನೆಯ ತರಗತಿಯವರಿಗೆ, ಪ್ರತಿಯೊಬ್ಬರೂ ಗೂಗಲ್ ಡ್ರೈವ್‌ನಲ್ಲಿ ಒಂದು ಕೃತಿಸಂಪುಟ ಮಾಡಿಕೊಳ್ಳಿ ಎಂದೆ. ಎರಡು ತಿಂಗಳ ಬಳಿಕ ತೆರೆದು ನೋಡಿದರೆ ಅಂದವಾಗಿ ನಕಲು ಮಾಡಿದ ಪ್ರಬಂಧಗಳು, ಪ್ರಶಸ್ತಿಪತ್ರದ ಫೋಟೊಗಳು, ವಾರ್ಷಿಕೋತ್ಸವದ ನೃತ್ಯದ ಚಿತ್ರಗಳು ಮಾತ್ರ ಇದ್ದವು. ಒಬ್ಬ ಹುಡುಗಿ ಅಡಿಕೆ ಕೊಯ್ಲಿನ ಬಗ್ಗೆ ನಾಲ್ಕು ಸಲ ತಿದ್ದಿ ತಿದ್ದಿ ಒಂದು ಬರಹ ಬರೆದಿದ್ದಳು. ಮೊದಲನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಅವಳು ಬೆಳೆದದ್ದು ನನ್ನ ಕಣ್ಣೆದುರೇ. ಆದರೆ ಮೊದಲ ಮೂರನ್ನೂ ಹರಿದು ಹಾಕಿದ್ದಳು. ಏಕೆ ಎಂದು ಕೇಳಿದೆ. “ಸಂಪುಟ ಎಂದರೆ ಪುಸ್ತಕವಲ್ಲವೇ ಸರ್, ಅದರಲ್ಲಿ ತಪ್ಪು ಇರಬಾರದಲ್ಲವೇ?” ಎಂದಳು.

ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ನಮ್ಮ ಗ್ರಂಥಾಲಯದ ಕಪಾಟಿನಲ್ಲಿ ದಪ್ಪ ರಟ್ಟಿನ ‘ಸಮಗ್ರ ಕೃತಿ ಸಂಪುಟ’ಗಳಿವೆ. ಬರೆಯುವುದನ್ನು ಮುಗಿಸಿದ ಹಿರಿಯರ, ಅಚ್ಚಾಗಿ ಹೊರಬಂದ ಬರಹಗಳು ಅವು. ಸಂಸ್ಕೃತದ ಸಂಪುಟವೂ ಮೂಲದಲ್ಲಿ ಮುಚ್ಚಿದ ವಸ್ತುವೇ: ಎರಡು ಬಟ್ಟಲುಗಳನ್ನು ಬಾಯಿಗೆ ಬಾಯಿ ಸೇರಿಸಿದಾಗ ಆಗುವ ಕರಡಿಗೆ. ಕೈಮುಗಿದರೆ ಕರಸಂಪುಟ. ಮಂತ್ರಿಗಳು ಒಟ್ಟಾದರೆ ಸಚಿವ ಸಂಪುಟ. ಎಲ್ಲೆಡೆಯೂ ಕೂಡಿ ಮುಚ್ಚಿಕೊಳ್ಳುವ ಅರ್ಥವೇ. ಕಲಿಕೆ ಇನ್ನೂ ನಡೆಯುತ್ತಿರುವಾಗ ಮುಚ್ಚಳವಿರುವ ಪದ ಕೊಟ್ಟರೆ ಮಕ್ಕಳು ಮುಚ್ಚಿಡಬಹುದಾದದ್ದನ್ನು ಮಾತ್ರ ಅದರಲ್ಲಿ ಇಡುತ್ತಾರೆ. ಹೊಸ ಪದವನ್ನು ಹುಡುಕುವುದಕ್ಕೆ ನನಗಿರುವ ಕಾರಣ ಇಷ್ಟೇ. ಅಚ್ಚಗನ್ನಡವೇ ಆಗಬೇಕೆಂಬ ಹಟ ನನಗಿಲ್ಲ.

ಹಾಗಾದರೆ ಪೋರ್ಟ್‌ಫೋಲಿಯೊ ಎಂದೇ ಇರಲಿ ಎಂದರು ವಿಜ್ಞಾನದ ಮೇಷ್ಟ್ರು. ಚಿತ್ರಕಲೆ, ವಾಸ್ತುಶಿಲ್ಪ ಓದುವವರಿಗೂ ಷೇರುಪೇಟೆಯವರಿಗೂ ಆ ಪದ ರೂಢಿಯಾಗಿದೆ, ನಿಜ. ಆದರೆ ನಮ್ಮ ಪೋಷಕರ ಸಭೆಯಲ್ಲಿ ಅದನ್ನು ಹೇಳಿದಾಗ ಒಬ್ಬ ತಂದೆ ಹಣ ಕಟ್ಟಬೇಕೇ ಎಂದು ಕೇಳಿದರು. ಮಂತ್ರಿಗಳ ಪೋರ್ಟ್‌ಫೋಲಿಯೊಗೆ ನಾವು ಬಳಸುವ ‘ಖಾತೆ’ ಇಲ್ಲಿ ಹೊಂದದು. ಅದು ಬ್ಯಾಂಕಿಗೂ ಜಮೀನಿಗೂ ಅಂಟಿಕೊಂಡಿದೆ. ‘ಕಣಜ’ ಒಳ್ಳೆಯ ಪದ. ಆದರೆ ಆ ಹೆಸರಿನ ಕನ್ನಡ ಜ್ಞಾನಕೋಶದ ಜಾಲತಾಣ ಈಗಾಗಲೇ ಇದೆ. ಬುತ್ತಿ, ಜೋಳಿಗೆ, ಬತ್ತಳಿಕೆ ಎಂದೂ ಸಲಹೆಗಳು ಬಂದವು. ಕೇಳಲು ಹಿತವಾಗಿವೆ, ಆದರೆ ಬುತ್ತಿ ಉಂಡು ಮುಗಿಯುತ್ತದೆ, ಬತ್ತಳಿಕೆ ಬಾಣ ಬಿಟ್ಟಂತೆಲ್ಲ ಬರಿದಾಗುತ್ತದೆ.

ಹುಬ್ಬಳ್ಳಿ ಕಡೆಯಿಂದ ಬಂದಿರುವ ಗಣಿತದ ಶಿಕ್ಷಕಿ ‘ದಫ್ತರ’ ಎಂದರು. ಪಾರಸಿಯಿಂದ ಬಂದ ಈ ಪದ ದಾಖಲೆಗಳ ಕಟ್ಟಿಗೂ ಕಚೇರಿಗೂ ಸಲ್ಲುತ್ತದೆ. ಮರಾಠಿಯಲ್ಲಿ ಮಕ್ಕಳ ಶಾಲಾಚೀಲಕ್ಕೆ ದಪ್ತರ ಎಂದೇ ಹೆಸರು. ಮಗುವಿನ ಹೆಗಲಿಗೆ ಏರುವ ಪದವೆಂಬುದು ನನಗೆ ತುಂಬ ಹಿಡಿಸಿತು. ನಮ್ಮ ಕಡೆಯ ಮಕ್ಕಳಿಗೆ ಮಾತ್ರ ಅದು ಹೊಸದು.

ಆಮೇಲೆ ‘ಕಡತ’. ಈಗ ಅದು ಮೇಜಿನಿಂದ ಮೇಜಿಗೆ ಅಲೆಯುವ ಸರ್ಕಾರಿ ಫೈಲು. ಹಳೆಯ ಕಡತದ ಕಥೆಯೇ ಬೇರೆ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ವರ್ತಕರ ಲೆಕ್ಕ, ಶಾನುಭೋಗರ ಲೆಕ್ಕ, ಮಠಗಳ ದಾಖಲೆ ಎಲ್ಲವೂ ಅದರಲ್ಲಿ. ಶೃಂಗೇರಿ ಮಠದ ಕಡತಗಳು ಇತಿಹಾಸ ಬರೆಯುವವರಿಗೆ ಇಂದಿಗೂ ಆಕರ. ಬೇಡವಾದದ್ದನ್ನು ಒರೆಸಿ, ಮತ್ತೆ ಕಪ್ಪು ಬಳಿದು ಹೊಸದಾಗಿ ಬರೆಯಬಹುದಿತ್ತು. ಅಳಿಸಿ ಬರೆಯುವ ಗುಣದಲ್ಲಿ ಅದು ಇಂದಿನ ಪರದೆಗೆ ಬಹಳ ಹತ್ತಿರ. ಆದರೆ ನಮಗೆ ಬೇಕಾದದ್ದು ಅಳಿಸದೆ ಉಳಿಸಿಕೊಳ್ಳುವ ಅಭ್ಯಾಸ. ಆ ಹುಡುಗಿಯ ಮೊದಲ ಮೂರು ಕರಡುಗಳು ಉಳಿಯಬೇಕಾಗಿತ್ತು.

ಇಲ್ಲಿಗೆ ಬಂದಾಗ ನನಗೆ ಹೊಳೆದ ಪದ ‘ಕವಳಿಗೆ’. ಪೋರ್ಟ್‌ಫೋಲಿಯೊದ ಮೂಲ ಇಟಾಲಿಯನ್ ಭಾಷೆಯ ಪೊರ್ತಾಫೊಲ್ಯೊ: ‘ಪೊರ್ತಾರೆ’ ಎಂದರೆ ಹೊರು, ಒಯ್ಯು, ‘ಫೊಲ್ಯೊ’ ಎಂದರೆ ಎಲೆ, ಹಾಳೆ. ಎಲೆಗಳನ್ನು ಒಯ್ಯುವಂಥದ್ದು. ನಮ್ಮ ಕವಳಿಗೆಯೂ ಎಲೆಗಳ ಕಟ್ಟೇ. ವೀಳ್ಯದೆಲೆಯ ಕಟ್ಟಿಗೂ ಆ ಹೆಸರು, ಬರೆದ ಓಲೆಗರಿಗಳ ಕಟ್ಟಿಗೂ ಆ ಹೆಸರು. ಎಲ್ಲಿಯ ಇಟಲಿ, ಎಲ್ಲಿಯ ನಮ್ಮ ತಾಳೆಗರಿ! ಎರಡು ಭಾಷೆಗಳೂ ಬರೆಯುವ ಹಾಳೆಯನ್ನು ಎಲೆಯೆಂದೇ ಕಂಡಿವೆ ಎಂಬುದು ನನಗೆ ಬಹಳ ಸಂತೋಷ ಕೊಟ್ಟಿತು.

ಹೋಲಿಕೆ ಅಷ್ಟಕ್ಕೇ ನಿಂತಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಓಲೆಕಟ್ಟಿನ ರಚನೆಯನ್ನು ನೆನಪಿಸಿಕೊಳ್ಳಿ. ಕಂಠ ಎಂಬ ಮೊನಚು ಕಬ್ಬಿಣದ ಲೇಖನಿಯಿಂದ ಕೊರೆದು ಮಸಿ ತುಂಬಿದ ಗರಿಗಳಿಗೆ ತೂತು ಕೊರೆದು, ದಾರ ಪೋಣಿಸಿ, ಮೇಲೊಂದು ಕೆಳಗೊಂದು ಹಲಗೆ ಇಟ್ಟು ಕಟ್ಟುತ್ತಾರೆ. ಗಂಟು ಬಿಚ್ಚಿದರೆ ಗರಿಗಳು ಬಿಡಿಬಿಡಿ. ಹೊಸ ಗರಿಯನ್ನು ನಡುವೆ ಸೇರಿಸಬಹುದು, ಹಿಂದಿನದನ್ನು ಮುಂದೆ ತರಬಹುದು, ಮತ್ತೆ ಕಟ್ಟಬಹುದು. ಆದರೆ ಗರಿಯ ಮೇಲೆ ಒಮ್ಮೆ ಕೊರೆದದ್ದು ಅಲ್ಲಿಯೇ ಇರುತ್ತದೆ. ಕರಡನ್ನು ಉಳಿಸಿಕೊಂಡು ಕ್ರಮವನ್ನು ಮಾತ್ರ ಬದಲಿಸುತ್ತ ಹೋಗುವುದು ಒಳ್ಳೆಯ ಕಲಿಕಾ ಪೋರ್ಟ್‌ಫೋಲಿಯೊದ ಗುಣವೂ ಹೌದು. ಒಂದೊಂದು ನಮೂದನ್ನು ‘ಗರಿ’ ಎಂದು ಕರೆಯಬಹುದು. ‘ಪುರಾವೆ’, ‘ಸಾಕ್ಷ್ಯ’ ಎಂದು ಸುತ್ತೋಲೆಗಳಲ್ಲಿ ಕಾಣುವ ಪದಗಳು ಮಗುವನ್ನು ಕಟಕಟೆಯಲ್ಲಿ ನಿಲ್ಲಿಸಿದಂತೆ ಕೇಳಿಸುತ್ತವೆ. ಅವುಗಳಿಗಿಂತ ಗರಿ ಎಷ್ಟೋ ಹಗುರ. ಹಕ್ಕಿಯ ಗರಿಯೂ ನೆನಪಾದರೆ ಮಕ್ಕಳಿಗೆ ಇನ್ನೂ ಒಳ್ಳೆಯದೇ. ‘ಡಿಜಿಟಲ್’ ಹಾಗೆಯೇ ಇರಲಿ. ‘ವಿದ್ಯುನ್ಮಾನ’ ಎಂದೊಡನೆ ಮತಯಂತ್ರ ನೆನಪಾಗುತ್ತದೆ.

ಇನ್ನು ಗುಂಪಿನ ಹೆಸರು. ಇಂಗ್ಲಿಷಿನ ‘ಪೀರ್ ಗ್ರೂಪ್’ಗೆ ಬಿ.ಇಡಿ. ಪುಸ್ತಕಗಳಲ್ಲಿ ‘ಸಮವಯಸ್ಕರ ಗುಂಪು’ ಎಂದು ಓದಿದ್ದೇವೆ. ನಮ್ಮಲ್ಲಿ ನಿವೃತ್ತಿಗೆ ಎರಡು ವರ್ಷ ಉಳಿದವರೂ ಇದ್ದಾರೆ, ಕೆಲಸಕ್ಕೆ ಸೇರಿ ಎರಡು ವರ್ಷವಾದವರೂ ಇದ್ದಾರೆ. ವಯಸ್ಸು ಸಮವಲ್ಲ. ‘ಓರಗೆಯವರು’ ಎಂಬುದು ನನಗೆ ಬಹು ಪ್ರಿಯವಾದ ಪದ, ಓರಗಿತ್ತಿಯೂ ಅದರ ಬಳಗವೇ, ಆದರೆ ಅದರಲ್ಲಿಯೂ ಪ್ರಾಯದ ಲೆಕ್ಕ ಇದೆ. ‘ಸರೀಕರು’ ಎಂದರೆ ತಲೆ ತಗ್ಗಿಸಬಾರದೆಂಬ ಪೈಪೋಟಿಯ ನೆರಳು ಬೀಳುತ್ತದೆ. ಸರೀಕರ ಮುಂದೆ ಯಾರಾದರೂ ಗೊತ್ತಿಲ್ಲ ಎಂದು ಹೇಳುತ್ತಾರೆಯೇ?

ನಮ್ಮೂರಿನ ಗದ್ದೆಯಲ್ಲಿ ಬೇರೊಂದು ಪದ ಇದೆ: ‘ಮುಯ್ಯಾಳು’. ನಾಟಿಯ ಕಾಲದಲ್ಲಿ ನಾನು ನಿಮ್ಮ ಗದ್ದೆಗೆ ಒಂದು ದಿನ ಬರುತ್ತೇನೆ, ನೀವು ನನ್ನ ಗದ್ದೆಗೆ ಒಂದು ದಿನ ಬರುತ್ತೀರಿ. ಕೂಲಿ ಇಲ್ಲ, ಯಜಮಾನನಿಲ್ಲ, ಆದರೆ ಋಣದ ನೆನಪು ಇಬ್ಬರಿಗೂ ಇರುತ್ತದೆ. ನಮ್ಮ ಗುಂಪಿನಲ್ಲಿ ನಡೆಯುತ್ತಿರುವುದು ಇದೇ. ಕಿರಿಯ ಶಿಕ್ಷಕಿ ಧ್ವನಿಮುದ್ರಣ ಸೇರಿಸುವುದನ್ನು ಹಿರಿಯರಿಗೆ ತೋರಿಸಿದರು. ಹಿರಿಯರು ಮಗುವಿನ ಕರಡಿನ ಮುಂದೆ ಯಾವ ಪ್ರಶ್ನೆ ಕೇಳಬೇಕು, ಯಾವುದನ್ನು ಕೇಳಬಾರದು ಎಂದು ಅವರಿಗೆ ಹೇಳಿಕೊಟ್ಟರು. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಂತೆ ಮುಯ್ಯಿ ಮತ್ತು ಕಲಿಕೆ ಸೇರಿ ‘ಮುಯ್ಯಿಗಲಿಕೆ’ ಆಗಬಹುದಲ್ಲವೇ? ಒಂದೇ ಅಳುಕು. ಮುಯ್ಯಿ ಮದುವೆಯ ಉಡುಗೊರೆಯೂ ಹೌದು, ‘ಮುಯ್ಯಿಗೆ ಮುಯ್ಯಿ’ ಎಂಬಲ್ಲಿ ಸೇಡೂ ಹೌದು. ಪಟ್ಟಣದ ಕಿವಿಗೆ ಸೇಡೇ ಮೊದಲು ಕೇಳಿಸುವುದಾದರೆ ‘ಮುಯ್ಯಾಳು ಕಲಿಕೆ’ ಎಂದು ಬಿಡಿಸಿ ಹೇಳುವುದು ಕ್ಷೇಮವೇನೋ.

ಮೂರನೆಯ ಪದ ಎಲ್ಲಕ್ಕಿಂತ ಕಠಿಣ. ಗರಿಗಳನ್ನು ಕೂಡಿಸಿದರೆ ಸಾಲದು, ಅವುಗಳ ಮುಂದೆ ಕುಳಿತು ನಾನು ಇಲ್ಲಿ ಏಕೆ ಎಡವಿದೆ, ಮುಂದೆ ಏನು ಮಾಡುತ್ತೇನೆ ಎಂದು ಮಗು ಯೋಚಿಸಬೇಕು. ಶಿಕ್ಷಕ ತರಬೇತಿಯ ಸಾಹಿತ್ಯ ಇದನ್ನು ‘ಪ್ರತಿಫಲನ’ ಎನ್ನುತ್ತದೆ. ಅದು ಕನ್ನಡಿಯ, ಬೆಳಕಿನ ಪದ. ಬೆಳಕು ಕನ್ನಡಿಗೆ ಬಡಿದು ಹಾಗೆಯೇ ವಾಪಸು ಬರುತ್ತದೆ, ಯೋಚಿಸುವ ಮನಸ್ಸು ಹಾಗಲ್ಲ. ಅದಲ್ಲದೆ ‘ಪ್ರತಿಫಲ’ದ ಪಕ್ಕದಲ್ಲೇ ಇರುವುದರಿಂದ, ನಿಮ್ಮ ಪ್ರತಿಫಲನ ಬರೆಯಿರಿ ಎಂದಾಗ ಇಬ್ಬರು ಮಕ್ಕಳು ತಮಗೆ ಬಂದ ಅಂಕಗಳನ್ನು ಬರೆದಿದ್ದರು. ನಾನು ‘ಮೆಲುಕು’ ಎಂದೆ. ಅವಸರದಲ್ಲಿ ಮೇಯ್ದದ್ದನ್ನು ಹಸು ನೆರಳಿನಲ್ಲಿ ಮಲಗಿ ಮತ್ತೆ ಬಾಯಿಗೆ ತಂದುಕೊಂಡು ಅಗಿದು ಅರಗಿಸಿಕೊಳ್ಳುತ್ತದೆ. ಕೊಟ್ಟಿಗೆ ಕಂಡ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಇದಕ್ಕೆ ಇತಿಹಾಸದ ಶಿಕ್ಷಕರು ಒಪ್ಪಲಿಲ್ಲ. ಪತ್ರಿಕೆಗಳಲ್ಲಿ ಮೆಲುಕು ಹಾಕುವುದೆಂದರೆ ಹಳೆಯ ವಿದ್ಯಾರ್ಥಿಗಳ ಸಮ್ಮಿಲನದ ಸವಿನೆನಪು. ಅದರಲ್ಲಿ ತನ್ನನ್ನು ತಾನು ಪ್ರಶ್ನಿಸಿಕೊಳ್ಳುವ ಕಟುತನ ಇಲ್ಲ ಎಂಬುದು ಅವರ ವಾದ. ಅವರು ಮುಂದಿಟ್ಟದ್ದು ‘ಒರೆಗೆ ಹಚ್ಚುವುದು’. ಚಿನ್ನಕ್ಕೆ ಸರಿ, ಹದಿನಾಲ್ಕು ವರ್ಷದ ಮಗುವಿಗೆ ಅದು ಮತ್ತೊಂದು ಪರೀಕ್ಷೆಯೆನ್ನಿಸದೇ ಎಂಬುದು ನನ್ನ ಚಿಂತೆ. ಈ ವಿಷಯದಲ್ಲಿ ನಾನು ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ.

ಬೇರೆಯವರು ಏನು ಮಾಡಿದ್ದಾರೆ ಎಂದು ನೋಡುವಾಗ ಒಂದು ಉದಾಹರಣೆ ಧೈರ್ಯ ಕೊಟ್ಟಿತು. ಈ ಕೆಲಸಕ್ಕೆಂದೇ 2006ರಲ್ಲಿ ನ್ಯೂಜಿಲೆಂಡಿನಲ್ಲಿ ಒಂದು ಮುಕ್ತ ತಂತ್ರಾಂಶದ ಕೆಲಸ ಶುರುವಾಯಿತು. ಅದಕ್ಕೆ ಅವರು ಚೀಲ, ಪೆಟ್ಟಿಗೆ, ಕಡತ ಎಂಬ ಅರ್ಥದ ಹೆಸರು ಇಡಲಿಲ್ಲ. ಅಲ್ಲಿನ ಮಾವೊರಿ ಜನರ ನುಡಿಯಿಂದ ‘ಮಹಾರಾ’ ಎಂಬ ಪದ ತೆಗೆದುಕೊಂಡರು. ಆಲೋಚನೆ, ನೆನಪು ಎರಡೂ ಅದರ ಅರ್ಥದಲ್ಲಿವೆ. ಅಂದರೆ ತುಂಬಿಡುವ ಪಾತ್ರೆಯನ್ನು ಬಿಟ್ಟು ಅದರ ಮುಂದೆ ಕುಳಿತು ಮಾಡುವ ಕೆಲಸಕ್ಕೆ ಹೆಸರಿಟ್ಟರು. ಇದನ್ನು ತಿಳಿದ ಮೇಲೆ, ಕವಳಿಗೆಯೂ ಪಾತ್ರೆಯ ಹೆಸರೇ ಅಲ್ಲವೇ, ನಾವೂ ಕೆಲಸದ ಹೆಸರನ್ನೇ ಇಡಬೇಕೇ ಎಂಬ ಪ್ರಶ್ನೆ ಎದ್ದಿದೆ. ಕಟ್ಟು, ಬಿಚ್ಚು, ಮತ್ತೆ ಕಟ್ಟು ಎಂಬ ಕೆಲಸ ಆ ಪದದ ಒಳಗೇ ಇದೆ ಎಂಬುದು ಸದ್ಯಕ್ಕೆ ನನ್ನ ಉತ್ತರ.

ಉಳಿದ ಶಾಲೆಗಳಿಗೆ ಕಳುಹಿಸಬೇಕಾದ ಆಹ್ವಾನದ ಸಾಲು ಈಗ ಹೀಗಿದೆ: “ಮಕ್ಕಳ ಡಿಜಿಟಲ್ ಕಲಿಕಾ ಕವಳಿಗೆಗಳನ್ನು ಕಟ್ಟುವುದನ್ನೂ ಮೆಲುಕು ಹಾಕುವುದನ್ನೂ ಅರಿಯಲು ಶಿಕ್ಷಕರ ಮುಯ್ಯಾಳು ಕಲಿಕೆಯ ಗುಂಪು.” ಇದನ್ನು ಮೊದಲ ಸಲ ಓದುವ ಒಬ್ಬ ಶಿಕ್ಷಕರಿಗೆ ಏನು ಅರ್ಥವಾಗುತ್ತದೆ? ನಿಮ್ಮ ಊರಿನಲ್ಲಿ ಕವಳಿಗೆ ಎಂಬ ಮಾತು ಇನ್ನೂ ಬಾಯಲ್ಲಿದೆಯೇ, ಇದ್ದರೆ ಯಾವುದರ ಕಟ್ಟಿಗೆ, ಎಷ್ಟು ಎಲೆಗೆ? ಮುಯ್ಯಾಳಿಗೆ ಬಯಲುಸೀಮೆಯಲ್ಲಿ, ಕರಾವಳಿಯಲ್ಲಿ, ಕಲಬುರಗಿ ಕಡೆಯಲ್ಲಿ ಏನೆನ್ನುತ್ತಾರೆ? ಮೆಲುಕಿಗೆ ಸವಿಯ ಜೊತೆ ವಿಮರ್ಶೆಯ ಅರ್ಥವನ್ನೂ ಹೊರಿಸಿದರೆ ಅದು ತಾಳುತ್ತದೆಯೇ? ಮುಂದಿನ ಶನಿವಾರ ಸೇರುವಷ್ಟರಲ್ಲಿ ಒಂದಿಬ್ಬರಾದರೂ ಬರೆದರೆ ನಿಮ್ಮ ಮಾತುಗಳನ್ನು ಗುಂಪಿನಲ್ಲಿ ಓದುತ್ತೇನೆ. ಆ ಹುಡುಗಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಹೆಸರು ಬದಲಾಗುತ್ತದೆಯಂತೆ ಎಂದು ಕೇಳಿ ಹೊಸ ಬರಹದ ಮೊದಲ ಕರಡನ್ನು ಹರಿಯದೆ ನನ್ನ ಕೈಗೆ ಕೊಟ್ಟಿದ್ದಾಳೆ.

ವಂದನೆಗಳು.