ಕನ್ನಡ ಮಾಧ್ಯಮದಿಂದ ವೈದ್ಯಕೀಯಕ್ಕೆ: ಮಂಗಳೂರಿನ ವೈದ್ಯೆಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಕಾರ್ಕಳ ತಾಲ್ಲೂಕು):

ಡಾಕ್ಟರ್ ಮೇಡಂ, ನಮಸ್ಕಾರ. ನಾನು ಹತ್ತನೆಯ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿ ಈಗ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ತೆಗೆದುಕೊಂಡಿದ್ದೇನೆ. ವೈದ್ಯೆಯಾಗಬೇಕೆಂಬ ಆಸೆ ಚಿಕ್ಕಂದಿನಿಂದಲೂ ಇದೆ. ಆದರೆ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುವುದರಿಂದ ಜೀವಶಾಸ್ತ್ರದ ಎರಡು ಪುಟ ಓದುವಷ್ಟರಲ್ಲಿ ಒಂದು ಗಂಟೆ ಕಳೆದಿರುತ್ತದೆ. ವೈದ್ಯಕೀಯ ಪ್ರವೇಶಕ್ಕಿರುವ ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವುದು ಒಳ್ಳೆಯದೇ? ಎಂಬಿಬಿಎಸ್ ಸೇರಿದ ಮೇಲೆ ನನ್ನಂಥವರು ಹಿಂದೆ ಬೀಳುತ್ತಾರೆಯೇ?

ಉತ್ತರ:

ನಾನೂ ಕನ್ನಡ ಶಾಲೆಯಿಂದ ಬಂದವಳು. ‘ಪತ್ರಹರಿತ್ತು’ ಎಂದರೆ ಏನೆಂದು ಚೆನ್ನಾಗಿ ಬಲ್ಲ ನನಗೆ, ಉಪನ್ಯಾಸಕರು ಕ್ಲೋರೋಫಿಲ್ ಎನ್ನುತ್ತಿರುವುದು ಅದನ್ನೇ ಎಂದು ಹೊಳೆಯಲು ಕೆಲವು ದಿನಗಳೇ ಬೇಕಾದವು. ಆದ್ದರಿಂದ ಎರಡು ಪುಟಕ್ಕೆ ಒಂದು ಗಂಟೆ ಹಿಡಿಯುವುದು ಬುದ್ಧಿಯ ಕೊರತೆಯಲ್ಲ, ಕೇವಲ ಪದಗಳ ಕೊರತೆ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಒಂದು ಇನ್ನೂರು ಪುಟದ ಪುಸ್ತಕದಲ್ಲಿ ನಡುವೆ ಗೆರೆ ಎಳೆದು, ಒಂದು ಬದಿಗೆ ಇಂಗ್ಲಿಷ್ ಪದವನ್ನೂ ಇನ್ನೊಂದು ಬದಿಗೆ ನಿಮಗೆ ಗೊತ್ತಿರುವ ಕನ್ನಡ ಪದವನ್ನೂ ಬರೆಯುತ್ತ ಹೋಗಿ. ಸ್ವಲ್ಪ ದಿನ ಕಳೆದಾಗ ಪದಗಳು ಒಡೆದು ಕಾಣಲು ತೊಡಗುತ್ತವೆ: ‘ಹೆಪಟ್’ ಎಂದರೆ ಯಕೃತ್ತು, ‘ನೆಫ್ರ್’ ಎಂದರೆ ಮೂತ್ರಪಿಂಡ, ಕೊನೆಗೆ ‘ಐಟಿಸ್’ ಬಂದರೆ ಉರಿಯೂತ. ಇಷ್ಟು ತಿಳಿದವರಿಗೆ ಹೆಪಟೈಟಿಸ್, ನೆಫ್ರೈಟಿಸ್ ಎಂಬ ಪದಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ.

ನೀಟ್ ಪರೀಕ್ಷೆ ಬರೆಯಬಹುದಾದ 13 ಭಾಷೆಗಳಲ್ಲಿ ಕನ್ನಡವೂ ಇದೆ. ಕನ್ನಡವನ್ನು ಆಯ್ದುಕೊಂಡವರ ಪ್ರಶ್ನೆಪತ್ರಿಕೆಯಲ್ಲಿ ಪ್ರಶ್ನೆಗಳ ಇಂಗ್ಲಿಷ್ ರೂಪವೂ ಜೊತೆಗೇ ಇರುತ್ತದೆ. ಅನುವಾದದಲ್ಲಿ ಗೊಂದಲ ಉಂಟಾದರೆ ಇಂಗ್ಲಿಷ್ ರೂಪವನ್ನೇ ಅಂತಿಮವೆಂದು ಪರಿಗಣಿಸಲಾಗುತ್ತದೆ. ಭಾಷೆಯ ಆಯ್ಕೆಯನ್ನು ಅರ್ಜಿ ತುಂಬುವಾಗಲೇ ಸೂಚಿಸಬೇಕಾದುದರಿಂದ, ಅದಕ್ಕೆ ಮೊದಲೇ ಹಳೆಯ ಪ್ರಶ್ನೆಪತ್ರಿಕೆಗಳನ್ನು ಎರಡೂ ಭಾಷೆಗಳಲ್ಲಿ ಗಡಿಯಾರ ಇಟ್ಟುಕೊಂಡು ಬಿಡಿಸಿ ನೋಡಿ. ಎರಡು ವರ್ಷ ಇಂಗ್ಲಿಷಿನಲ್ಲಿ ಕಲಿತವರಿಗೆ ‘ಸಂವೇಗ’, ‘ಜಡತ್ವದ ಮಹತ್ವ’ ಮುಂತಾದ ಕನ್ನಡ ಪದಗಳೇ ಆಗ ಅಪರಿಚಿತವೆನಿಸುವುದುಂಟು. ಎರಡೂ ರೂಪಗಳು ಕಣ್ಣೆದುರಿಗಿದ್ದರೆ ಧೈರ್ಯ ಬರುತ್ತದೆ ಎನ್ನುವುದಾದರೆ ಕನ್ನಡವನ್ನೇ ಆಯ್ದುಕೊಳ್ಳಿ. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಹಿಂದೆ ಬೀಳುವ ಮಾತಿಗೆ ಬರುತ್ತೇನೆ. ಮೊದಲ ವರ್ಷದ ಅಂಗರಚನಾಶಾಸ್ತ್ರದಲ್ಲಿ ಮೀನಖಂಡದ ಸ್ನಾಯುವಿಗೆ ‘ಗ್ಯಾಸ್ಟ್ರೋಕ್ನೀಮಿಯಸ್’ ಎಂಬ ಹೆಸರಿದೆ. ಆ ಹೆಸರು ಕಾನ್ವೆಂಟಿನಲ್ಲಿ ಓದಿದವರಿಗೂ ಅಷ್ಟೇ ಹೊಸದು. ಮೊದಲ ಆರು ತಿಂಗಳು ಎಲ್ಲರೂ ಒದ್ದಾಡುತ್ತಾರೆ. ಆದರೆ ವಾರ್ಡಿಗೆ ಕಾಲಿಟ್ಟ ದಿನ ಲೆಕ್ಕಾಚಾರ ಬದಲಾಗುತ್ತದೆ. ನನ್ನ ಇಂಟರ್ನ್‌ಶಿಪ್ ಕಾಲದಲ್ಲಿ, ಜುಲೈ ತಿಂಗಳ ಜಡಿಮಳೆಯ ಒಂದು ಸಂಜೆ, ಐದು ದಿನಗಳಿಂದ ಜ್ವರವಿದ್ದ ಸುಮಾರು ಐವತ್ತು ವರ್ಷದ ಒಬ್ಬ ಅಮ್ಮ ದಾಖಲಾದರು. ಕೇಳಿದ್ದಕ್ಕೆಲ್ಲ ‘ಮೈಕೈ ನೋವು’ ಎಂಬ ಒಂದೇ ಉತ್ತರ. ನಾನು ಹಾಸಿಗೆಯ ಪಕ್ಕದಲ್ಲಿ ಕುಳಿತು, ‘ಈರ್ ದಾದ ಬೇಲೆ ಮಲ್ಪುವರ್?’ ಎಂದು ತುಳುವಿನಲ್ಲಿ ಅವರ ಕೆಲಸದ ಬಗ್ಗೆ ವಿಚಾರಿಸಿದೆ. ಅಲ್ಲಿಂದ ಮಾತು ಹರಿಯಿತು. ಎರಡು ವಾರಗಳಿಂದ ಬರಿಗಾಲಿನಲ್ಲಿ ಕೆಸರಿಗಿಳಿದು ನೇಜಿ (ಭತ್ತದ ಸಸಿ) ನೆಡುತ್ತಿದ್ದರಂತೆ, ಹಿಮ್ಮಡಿ ಒಡೆದಿತ್ತು. ಕಣ್ಣುಗಳು ಕೆಂಪಾಗಿದ್ದವು. ಮೀನಖಂಡವನ್ನು ಮೆಲ್ಲಗೆ ಒತ್ತಿದ ಕೂಡಲೇ ಅವರು ಕಾಲನ್ನು ಎಳೆದುಕೊಂಡರು. ಇಲಿ ಜ್ವರವಿರಬಹುದೆಂದು ಹಿರಿಯ ವೈದ್ಯರಿಗೆ ತಿಳಿಸಿದೆ. ರಕ್ತವನ್ನು ಪರೀಕ್ಷೆಗೆ ಕಳುಹಿಸಿ ಅಂದೇ ರಾತ್ರಿ ಆ್ಯಂಟಿಬಯೋಟಿಕ್ ಆರಂಭಿಸಲಾಯಿತು. ಇಲಿಯ ಮೂತ್ರದಿಂದ ಕಲುಷಿತವಾದ ನೀರು, ಒಡೆದ ಚರ್ಮ, ಮಳೆಗಾಲದ ಗದ್ದೆ, ಇವೆಲ್ಲ ಪಠ್ಯಪುಸ್ತಕದಲ್ಲಿದ್ದವು. ಆದರೆ ನೇಜಿ ಎಂದರೇನು, ಅದನ್ನು ಹೇಗೆ ನೆಡುತ್ತಾರೆ ಎಂಬುದು ನನಗೆ ನನ್ನ ಮನೆಯಿಂದ ತಿಳಿದಿತ್ತು. ನೀವು ಹಿಂದುಳಿದಿರುವಿಕೆ ಎಂದು ಭಾವಿಸಿರುವ ಆ ಮನೆ, ಆ ಮಾತು, ಆ ಗದ್ದೆ ವೈದ್ಯೆಯಾದಾಗ ನಿಮ್ಮ ದೊಡ್ಡ ಬಂಡವಾಳವಾಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಇಂಗ್ಲಿಷನ್ನು ಕಲಿಯಿರಿ, ಆದರೆ ಆ ಬಂಡವಾಳವನ್ನು ಬಿಟ್ಟುಕೊಡಬೇಡಿ.

ಪ್ರಶ್ನೆ (ಪೋಷಕರು, ಮಲ್ಪೆ):

ಮೇಡಂ, ನನ್ನ ಮಗ ದ್ವಿತೀಯ ಪಿಯುಸಿಯಲ್ಲಿದ್ದಾನೆ. ನಾನು ಮೀನುಗಾರಿಕೆಯ ಕೆಲಸ ಮಾಡುವವನು. ಕೋಚಿಂಗಿಗೆ ಸೇರಿಸದಿದ್ದರೆ ಸೀಟು ಸಿಗುವುದೇ ಇಲ್ಲವೆಂದು ಎಲ್ಲರೂ ಹೇಳುತ್ತಾರೆ. ಮಣಿಪಾಲ, ಮಂಗಳೂರುಗಳಲ್ಲಿ ಇಷ್ಟೊಂದು ಕಾಲೇಜುಗಳಿವೆ. ನಮ್ಮಂಥವರಿಗೆ ಇಲ್ಲಿಯೇ ಸೀಟು ಸಿಗುವ ದಾರಿಯಿದೆಯೇ?

ಉತ್ತರ:

ಅಣ್ಣಾ, ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು 1953ರಲ್ಲಿಯೇ ಆರಂಭವಾದ ಈ ಕರಾವಳಿಯಲ್ಲಿ ಖಾಸಗಿ ಕಾಲೇಜುಗಳು ಬಹಳಷ್ಟಿವೆ; ಆದರೆ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇಲ್ಲ. ಶುಲ್ಕ ಕಡಿಮೆಯಿರುವ ಸರ್ಕಾರಿ ಕಾಲೇಜು ಬೇಕೆಂದರೆ ಮಗನು ಶಿವಮೊಗ್ಗ, ಕಾರವಾರ, ಹಾಸನ, ಮಡಿಕೇರಿ ಮುಂತಾದ ಕಡೆಗೆ ಹೋಗಲು ಸಿದ್ಧನಿರಬೇಕು. ರಾಜ್ಯದ ಖಾಸಗಿ ಕಾಲೇಜುಗಳಲ್ಲಿಯೂ ಒಂದು ಪಾಲು ಸರ್ಕಾರಿ ಸೀಟುಗಳಿರುತ್ತವೆ. ಅವುಗಳ ಹಂಚಿಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ನಡೆಯುತ್ತದೆ. ಆದರೆ ಮಣಿಪಾಲ, ದೇರಳಕಟ್ಟೆಗಳಲ್ಲಿರುವಂಥ ಡೀಮ್ಡ್ ವಿಶ್ವವಿದ್ಯಾಲಯಗಳ (ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ಸಂಸ್ಥೆಗಳ) ಎಂಬಿಬಿಎಸ್ ಸೀಟುಗಳನ್ನು ದೆಹಲಿಯ ಎಂಸಿಸಿ, ಅಂದರೆ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಹಂಚುತ್ತದೆ. ಎರಡಕ್ಕೂ ಬೇರೆ ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. ನೀಟ್‌ನಲ್ಲಿ ಒಳ್ಳೆಯ ಅಂಕ ಬಂದ ಮೇಲೆ ಸೀಟು ತಾನಾಗಿ ಬರುತ್ತದೆಂದು ಕಾದು ಕುಳಿತು, ನೋಂದಣಿಯ ದಿನಾಂಕವನ್ನೇ ಕಳೆದುಕೊಂಡ ಮನೆಯವರ ಕಣ್ಣೀರನ್ನು ನಾನು ನೋಡಿದ್ದೇನೆ.

ಕಾಗದಪತ್ರಗಳನ್ನು ಈಗಲೇ ಜೋಡಿಸಿಕೊಳ್ಳಿ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ರಾಜ್ಯದ ಸೀಟುಗಳಲ್ಲಿ ಪ್ರತ್ಯೇಕ ಮೀಸಲಾತಿಯಿದೆ. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಯವರ ಮೇಲುಸಹಿಯೂ ಬೇಕು. ಮಗನು ಎರಡು ಮೂರು ಶಾಲೆಗಳಲ್ಲಿ ಓದಿದ್ದರೆ ಪ್ರತಿಯೊಂದು ಶಾಲೆಯಿಂದಲೂ ತರಬೇಕಾಗುತ್ತದೆ; ಕೌನ್ಸೆಲಿಂಗ್ (ಸೀಟು ಹಂಚಿಕೆ) ಹತ್ತಿರ ಬಂದಾಗ ಓಡಾಡಿದರೆ ಆಗುವ ಕೆಲಸ ಇದಲ್ಲ.

ಕೋಚಿಂಗ್ ಇಲ್ಲದೆ ಸೀಟು ಸಿಗುವುದೇ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೋಚಿಂಗಿನಿಂದ ದೊರೆಯುವುದು ಮುಖ್ಯವಾಗಿ ಎರಡು: ವಾರವಾರ ಪರೀಕ್ಷೆ ಮತ್ತು ತಪ್ಪನ್ನು ತೋರಿಸಿಕೊಡುವ ಒಬ್ಬ ಗುರು. ಕಾಲೇಜಿನ ಉಪನ್ಯಾಸಕರಲ್ಲಿ ಒಬ್ಬರು ಅದನ್ನು ಪ್ರೀತಿಯಿಂದ ಮಾಡುವವರಿದ್ದರೆ ಸಾಲ ಮಾಡಿ ಹಣ ಸುರಿಯಬೇಕಾಗಿಲ್ಲ. ನೀಟ್‌ನ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು, ಅವುಗಳ ಮೂಲ ನಿಮ್ಮ ಮಗನ ಚೀಲದಲ್ಲಿರುವ ಎನ್‌ಸಿಇಆರ್‌ಟಿ ಪುಸ್ತಕವೇ. ಆ ಪುಸ್ತಕದಲ್ಲಿ ಮಲೇರಿಯಾ ಪರೋಪಜೀವಿಯ ಜೀವನಚಕ್ರದ ಒಂದು ಚಿತ್ರವಿದೆ. ಅದನ್ನು ಸುಮ್ಮನೆ ನೋಡಿದರೆ ಸಾಲದು. ಪುಸ್ತಕ ಮುಚ್ಚಿ ಬರೆಯಬೇಕು, ಸೊಳ್ಳೆಯೊಳಗೆ ನಡೆಯುವುದು ಯಾವುದು, ನಮ್ಮ ಯಕೃತ್ತಿನಲ್ಲಿ ಮತ್ತು ಕೆಂಪು ರಕ್ತಕಣದಲ್ಲಿ ನಡೆಯುವುದು ಯಾವುದು ಎಂದು ಮನೆಯವರಿಗೆ ಬಾಯಿಬಿಟ್ಟು ವಿವರಿಸಬೇಕು. ನೀವೇ ಕುಳಿತು ಕೇಳಿಸಿಕೊಳ್ಳಿ, ಅಣ್ಣಾ. ನಿಮಗೆ ಅರ್ಥವಾಗುವಂತೆ ಹೇಳಲು ಬಂದರೆ ಅವನಿಗೆ ಆ ಪಾಠ ಬಂದಿದೆ ಎಂದೇ ತಿಳಿಯಬಹುದು.

ಪ್ರಶ್ನೆ (ಮೊದಲಿನ ವಿದ್ಯಾರ್ಥಿನಿ):

ಧನ್ಯವಾದಗಳು ಮೇಡಂ. ಇನ್ನೆರಡು ಸಂದೇಹಗಳು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದರಿಂದ ಗೊತ್ತಿಲ್ಲದ ಪ್ರಶ್ನೆಯನ್ನು ಬಿಡಬೇಕೇ? ಹಾಗೂ, ಹೇಳಲು ನಾಚಿಕೆಯಾಗುತ್ತದೆ, ರಕ್ತ ನೋಡಿದರೆ ನನಗೆ ತಲೆ ಸುತ್ತುತ್ತದೆ.

ಉತ್ತರ:

ಸರಿಯುತ್ತರಕ್ಕೆ 4 ಅಂಕ ದೊರೆಯುತ್ತದೆ, ತಪ್ಪಿಗೆ 1 ಅಂಕ ಹೋಗುತ್ತದೆ. ನಾಲ್ಕು ಆಯ್ಕೆಗಳಲ್ಲಿ ಎರಡು ಖಂಡಿತವಾಗಿಯೂ ತಪ್ಪೆಂದು ತಿಳಿದಿದ್ದರೆ ಉಳಿದೆರಡರಲ್ಲಿ ಒಂದನ್ನು ಗುರುತಿಸಿ. ಅಂಥ ಎರಡು ಪ್ರಶ್ನೆಗಳಲ್ಲಿ ಒಂದು ಸರಿಯಾಗಿ ಒಂದು ತಪ್ಪಾದರೂ 3 ಅಂಕ ಉಳಿಯುತ್ತದೆ. ಏನೊಂದೂ ಹೊಳೆಯದ ಪ್ರಶ್ನೆಯ ಮುಂದೆ ಸಮಯ ಕಳೆಯದೆ ಮುಂದೆ ಸಾಗಿ.

ತಲೆ ಸುತ್ತುವುದರಲ್ಲಿ ನಾಚಿಕೆ ಪಡುವಂಥದ್ದು ಇಲ್ಲ. ರಕ್ತ ಕಂಡಾಗ ಕೆಲವರಲ್ಲಿ ಹೃದಯದ ಬಡಿತ ನಿಧಾನವಾಗಿ, ರಕ್ತದೊತ್ತಡ ಥಟ್ಟನೆ ಇಳಿದು, ಮೆದುಳಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಇದು ದೇಹದ ಸಹಜ ಪ್ರತಿಕ್ರಿಯೆಯೇ ಹೊರತು ಮನಸ್ಸಿನ ದೌರ್ಬಲ್ಯವಲ್ಲ. ನನ್ನ ತರಗತಿಯಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಯ ಮೊದಲ ದಿನವೇ ಕುಸಿದ ಹುಡುಗನೊಬ್ಬ ಇಂದು ಶಸ್ತ್ರಚಿಕಿತ್ಸಕನಾಗಿದ್ದಾನೆ. ಕಣ್ಣು ಮಂಜಾಗತೊಡಗಿದಾಗ ತೊಡೆ ಮತ್ತು ಹೊಟ್ಟೆಯ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು ಬಿಗಿಹಿಡಿದು ಸಡಿಲಿಸಿ, ಮತ್ತೆ ಬಿಗಿಹಿಡಿಯಿರಿ. ಇದರಿಂದ ರಕ್ತದೊತ್ತಡ ಏರುತ್ತದೆ. ಅಷ್ಟರಲ್ಲೂ ತಡೆಯದಿದ್ದರೆ ಕುಳಿತುಬಿಡಿ. ಖಾಲಿ ಹೊಟ್ಟೆಯಲ್ಲಿ ಎಲ್ಲಿಗೂ ಹೋಗಬೇಡಿ. ಬರುವ ರಜೆಯಲ್ಲಿ ನಿಮ್ಮೂರಿನ ಆಶಾ ಕಾರ್ಯಕರ್ತೆಯವರನ್ನು ಕೇಳಿಕೊಂಡು, ಮನೆಯವರ ಒಪ್ಪಿಗೆ ಪಡೆದು, ಅವರು ಮನೆಮನೆಗೆ ಭೇಟಿ ಕೊಡುವಾಗ ಒಂದೆರಡು ದಿನ ಜೊತೆಗೆ ಹೋಗಿ. ಜ್ವರ ಬಂದ ಮನೆಯಲ್ಲಿ ಮಲೇರಿಯಾ ಪರೀಕ್ಷೆಗಾಗಿ ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆಯುವುದನ್ನು ಅಲ್ಲಿಯೇ ಗೋಡೆಗೆ ಒರಗಿ ಕುಳಿತು ನೋಡಿ, ಆಮೇಲೆ ಹೇಗಾಯಿತೆಂದು ನನಗೆ ಬರೆಯಿರಿ.